ಕಾಲು ಉಳುಕಿದ ಮೇಲೆ ಕಾಲಿಗೆ ಮತ್ತೆ ಪಾಠ

ಕಾಲು ಉಳುಕುವುದನ್ನು ನಮ್ಮ ಕಡೆ ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯೋದಿಲ್ಲ. ಬಿಸಿನೀರು ಹುಯ್ದು, ಎಣ್ಣೆ ತಿಕ್ಕಿ, ನಾಲ್ಕು ದಿನ ಕುಂಟಿ, ಐದನೇ ದಿನ ಹೊಲಕ್ಕೆ ಹೋಗೋದು. ನೋವು ಹೋಯಿತು ಅಂದರೆ ವಾಸಿಯಾಯಿತು ಅಂತ ಅರ್ಥ. ಹಾಗಿದ್ದರೆ ಒಮ್ಮೆ ಉಳುಕಿದ ಕಾಲೇ ಮತ್ತೆ ಮತ್ತೆ ಯಾಕೆ ಉಳುಕುತ್ತದೆ? ಎಡಗಾಲು ಉಳುಕಿದವನಿಗೆ ಎರಡನೇ ಸಲ, ಮೂರನೇ ಸಲವೂ ಎಡಗಾಲೇ ಹೋಗೋದು ನೀವೂ ನೋಡಿರುತ್ತೀರಿ. ‘ಅವನ ಕಾಲೇ ಅಂಥಾದ್ದು ಬಿಡು’ ಅಂತ ಮಾತು ಮುಗಿಸಿಬಿಡ್ತೀವಿ.

ಕಾಲು ಅಂಥಾದ್ದಲ್ಲ. ಕಾಲಿಗೆ ಪೆಟ್ಟಾದಾಗ ಅದು ಕಲಿತಿದ್ದ ಒಂದು ವಿದ್ಯೆ ಮರೆತುಹೋಗಿರ್ತದೆ. ಅದನ್ನು ಮತ್ತೆ ಕಲಿಸದೆ ಹೊಲಕ್ಕೆ ಇಳಿಸ್ತೀವಿ. ಕಲಿಸೋದಕ್ಕೆ ಖರ್ಚು ಏನೂ ಇಲ್ಲ, ದಿನಕ್ಕೆ ಅರ್ಧ ಗಂಟೆ ಒಳಗಿನ ಕೆಲಸ. ನಾನು ಮಾಡಿ ನೋಡಿ, ಇನ್ನಿಬ್ಬರಿಗೂ ಮಾಡಿಸಿದ ಮೇಲೆ ಇದನ್ನು ಬರೀತಾ ಇದ್ದೀನಿ.

ಮಳೆಯಾಶ್ರಯದ ನಮಗೆ ಇದು ಸಣ್ಣ ವಿಷಯವಲ್ಲ. ಕ್ಯಾಸಂಬಳ್ಳಿ ಹೋಬಳಿ ಮೊದಲು ಬಂಗಾರಪೇಟೆ ತಾಲೂಕಿನಲ್ಲಿತ್ತು, ಈಗ ಕೆಜಿಎಫ್ ತಾಲೂಕು. ತಾಲೂಕು ಬದಲಾದರೂ ನೆಲ ಅದೇ: ಕೆಂಪು ಮಣ್ಣು, ಮಧ್ಯೆ ಮಧ್ಯೆ ಗುಂಡುಕಲ್ಲು, ಎತ್ತರ ತಗ್ಗಿನ ಬದು. ಹದ ಮಳೆ ಬಿದ್ದರೆ ರಾಗಿ ಬಿತ್ತನೆಗೆ ಸಿಗೋದು ಮೂರು ನಾಲ್ಕು ದಿನ. ಆ ದಿನಗಳಲ್ಲಿ ಯಜಮಾನ ಜಗಲಿ ಮೇಲೆ ಕಾಲು ನೀಡಿ ಕೂತರೆ ಆ ವರ್ಷದ ಬೆಳೆಯೇ ಕೂತ ಹಾಗೆ. ನಮ್ಮ ಪಕ್ಕದ ಹೊಲದವರಿಗೆ ಆರು ವರ್ಷದಲ್ಲಿ ಬಲಗಾಲು ನಾಲ್ಕು ಸಲ ಉಳುಕಿತ್ತು. ನಾಲ್ಕನೇ ಸಲ ಕಡಲೆಕಾಯಿ ಹೊರೆ ಹೊತ್ತು ಬದು ಇಳಿಯುವಾಗ ಕಾಲು ಕೈಕೊಟ್ಟು ಬಿದ್ದರು, ಊರಿದ ಕೈಯ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತು. ಕಾಲಿನಿಂದ ಶುರುವಾದದ್ದು ಕೈಗೆ ಬಂದು ನಿಂತಿತು.

ಹರಡಿನ ಒಳಗೆ ಏನಿದೆ?

ಕಾಲಿನ ಹರಡಿನ ಎರಡೂ ಪಕ್ಕ ಉಬ್ಬಿದ ಎಲುಬು ಇದೆಯಲ್ಲ, ಮುಟ್ಟಿ ನೋಡಿ. ಹೊರಗಿನದು ಒಳಗಿನದಕ್ಕಿಂತ ಕೊಂಚ ಕೆಳಗೆ ಇಳಿದಿರ್ತದೆ. ಹಾಗಾಗಿ ಪಾದ ಹೊರಕ್ಕೆ ಸುಲಭವಾಗಿ ಮಗುಚೋದಿಲ್ಲ, ಒಳಕ್ಕೆ ಮಗುಚುತ್ತದೆ. ಎಲುಬಿಗೂ ಎಲುಬಿಗೂ ಕಟ್ಟು ಹಾಕಿದ ಗಟ್ಟಿ ನಾರುಗಳಿವೆ, ಡಾಕ್ಟರು ಲಿಗಮೆಂಟ್ ಅಂತಾರೆ. ಒಳಪಕ್ಕದ್ದು ಅಗಲವಾದ ದಪ್ಪ ಪಟ್ಟಿ. ಹೊರಪಕ್ಕ ಇರೋದು ಮೂರು ಸಣ್ಣ ಪಟ್ಟಿ. ಪಾದ ಒಳಕ್ಕೆ ಮಗುಚಿದಾಗ ಹೊರಪಕ್ಕದ ಮೂರರಲ್ಲಿ ಮುಂದಿನದು ಮೊದಲು ಎಳೆಯುತ್ತದೆ, ಜಾಸ್ತಿಯಾದರೆ ಹರಿಯುತ್ತದೆ. ಹಗ್ಗದ ಕೆಲವು ಎಳೆ ಮಾತ್ರ ಹರಿದರೆ ಸಾಧಾರಣ ಉಳುಕು, ಹಗ್ಗವೇ ತುಂಡಾದರೆ ಜೋರು ಉಳುಕು. ಸಾಧಾರಣದ್ದು ಒಂದೆರಡು ವಾರ, ನಡುವಿನದು ಮೂರರಿಂದ ಆರು ವಾರ, ಜೋರಿನದು ಮೂರು ತಿಂಗಳು ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ.

ಈ ನಾರುಗಳು ಬರೀ ಹಗ್ಗವಲ್ಲ. ಅವುಗಳ ಒಳಗೆ ನರದ ಸಣ್ಣ ಸಣ್ಣ ತುದಿಗಳಿವೆ. ಪಾದ ಎಷ್ಟು ವಾಲಿದೆ, ಯಾವ ಕಡೆ ವಾಲಿದೆ ಅಂತ ಕ್ಷಣಕ್ಷಣಕ್ಕೆ ಅವು ಸುದ್ದಿ ಕಳಿಸ್ತಾ ಇರ್ತವೆ. ಕತ್ತಲಲ್ಲಿ ಡೈರಿಗೆ ಹಾಲಿನ ಕ್ಯಾನು ಹಿಡಿದು ಹೋಗುವಾಗ ಕಲ್ಲಿನ ಮೇಲೆ ಕಾಲಿಟ್ಟರೆ, ಕಣ್ಣಿಗೆ ಕಾಣದಿದ್ದರೂ ಕಾಲು ತಾನೇ ಸರಿ ಮಾಡಿಕೊಳ್ಳುತ್ತದೆ. ಮೀನಖಂಡದ ಹೊರಪಕ್ಕದ ಸ್ನಾಯು ಪಾದವನ್ನು ಹೊರಕ್ಕೆ ಎಳೆದು ನೆಟ್ಟಗೆ ನಿಲ್ಲಿಸುತ್ತದೆ. ನಾವು ಯೋಚನೆ ಮಾಡುವಷ್ಟರಲ್ಲಿ ಕೆಲಸ ಮುಗಿದಿರ್ತದೆ. ನಾರು ಹರಿದಾಗ ಈ ಸುದ್ದಿಯ ವ್ಯವಸ್ಥೆಗೂ ಪೆಟ್ಟು ಬೀಳುತ್ತದೆ. ನಾರು ಕೂಡಿಕೊಂಡು ನೋವು ನಿಂತರೂ ಸುದ್ದಿ ತಡವಾಗಿ ಬರುತ್ತದೆ. ಕಾವಲುಗಾರ ನಿದ್ದೆಗಣ್ಣಲ್ಲಿ ಇದ್ದ ಹಾಗೆ. ಕಲ್ಲು ಮೇಲೆ ಕಾಲಿಟ್ಟಾಗ ಸ್ನಾಯು ಏಳುವ ಹೊತ್ತಿಗೆ ಪಾದ ಮಗುಚಿ ಆಗಿರ್ತದೆ.

ಇದನ್ನು ಲಂಡನ್ನಿನ ಫ್ರೀಮನ್ ಎಂಬ ಮೂಳೆ ಡಾಕ್ಟರು ಇಬ್ಬರು ಜೊತೆಗಾರರೊಂದಿಗೆ 1965ರಲ್ಲೇ ಬರೆದರು. ಉಳುಕಿದ ಮೇಲೆ ಕಾಲು ‘ಕೈಕೊಡೋದು’ ಬರೀ ನಾರು ಸಡಿಲವಾದ್ದರಿಂದಲ್ಲ, ಸುದ್ದಿ ಕೆಟ್ಟದ್ದರಿಂದ ಎಂಬುದು ಅವರ ವಾದ. ಅಲುಗಾಡುವ ಹಲಗೆ ಮೇಲೆ ರೋಗಿಗಳನ್ನು ನಿಲ್ಲಿಸಿ ಅಭ್ಯಾಸ ಮಾಡಿಸಿದರು. ಹಾಗೆ ಮಾಡಿದವರಿಗೆ ಕಾಲು ಕೈಕೊಡುವುದು ಕಡಿಮೆಯಾಯಿತು. ಇವತ್ತಿಗೂ ಫಿಜಿಯೋಥೆರಪಿಯವರು ಮಾಡಿಸೋದು ಅದನ್ನೇ.

ನನಗೆ ಇದು ಗೊತ್ತಾದದ್ದು ಹೋದ ವರ್ಷ ರಾಗಿ ಕೊಯ್ಲಿನ ಸಮಯದಲ್ಲಿ. ರಾತ್ರಿ ಮಳೆಗೆ ಬದು ಜಾರುತ್ತಿತ್ತು. ಮೇವಿನ ಹೊರೆ ಹೊತ್ತಿದ್ದೆ, ಎಡಗಾಲು ಒಳಕ್ಕೆ ಮಗುಚಿತು. ಎಕ್ಸ್‌ರೇಯಲ್ಲಿ ಎಲುಬಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಮಾಡಿಸುವ ಹೆಣ್ಣುಮಗಳು, ನನ್ನ ಮಗಳ ವಯಸ್ಸು, “ಯಜಮಾನ್ರೇ, ನೋವು ಹೋದ ಮೇಲೆ ಬರ್ತೀರಾ, ಇಲ್ಲ ಅಲ್ಲಿಗೇ ಬಿಡ್ತೀರಾ?” ಅಂತ ಕೇಳಿದಳು. “ನೋವು ಹೋದ ಮೇಲೆ ಆಸ್ಪತ್ರೆ ಯಾಕಮ್ಮ?” ಅಂದೆ. “ಕೆಲಸ ಶುರುವಾಗೋದೇ ಆವಾಗ” ಅಂದಳು. ಎಂಟು ವಾರದಲ್ಲಿ ನಾಲ್ಕು ಸಲ ಹೋಗಿ ಕಲಿತು ಬಂದೆ, ಉಳಿದದ್ದೆಲ್ಲಾ ಮನೆ ಅಂಗಳದಲ್ಲೇ.

ಮೊದಲು ಎಲುಬು ನೋಡಿಕೊಳ್ಳಿ

ಅಭ್ಯಾಸಕ್ಕೆ ಮುಂಚೆ ಇದು ಉಳುಕೋ, ಮುರಿತವೋ ಅಂತ ತಿಳಿಯಬೇಕು. ಕೆನಡಾದ ಒಟ್ಟಾವಾ ಊರಿನ ಡಾಕ್ಟರುಗಳು 1992ರಲ್ಲಿ ಇದಕ್ಕೆ ಒಂದು ಸುಲಭದ ಲೆಕ್ಕ ಕೊಟ್ಟರು, ಪ್ರಪಂಚದ ಆಸ್ಪತ್ರೆಗಳಲ್ಲೆಲ್ಲಾ ನಡೀತಾ ಇದೆ. ಬಿದ್ದ ಕೂಡಲೇ ಮತ್ತು ಆಸ್ಪತ್ರೆ ಮುಟ್ಟಿದಾಗ, ಎರಡೂ ಸಲ ಕುಂಟುತ್ತಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ನಡೆಯಲಾದರೂ ನಾಲ್ಕು ಕಡೆ ಎಲುಬನ್ನೇ ಒತ್ತಿ ನೋಡಬೇಕು: ಹೊರಗಿನ ಉಬ್ಬಿದ ಎಲುಬಿನ ಹಿಂದಿನ ಅಂಚು, ತುದಿಯಿಂದ ಮೇಲಕ್ಕೆ 6 ಸೆಂ.ಮೀ. ವರೆಗೆ, ಒಳಗಿನ ಉಬ್ಬಿದ ಎಲುಬಿನಲ್ಲೂ ಹಾಗೆಯೇ, ಪಾದದ ಹೊರ ಅಂಚಿನ ಮಧ್ಯದಲ್ಲಿ ಸಿಗುವ ಗಂಟು, ಪಾದದ ಒಳ ಕಮಾನಿನ ಮೇಲಿನ ಎಲುಬು. ಯಾವ ಕಡೆ ಒತ್ತಿದರೆ ಪ್ರಾಣ ಹೋದ ಹಾಗೆ ನೋಯುತ್ತದೋ ಆಗ ಎಕ್ಸ್‌ರೇ ತೆಗೆಸಲೇಬೇಕು. ಒಂದೂ ಇಲ್ಲದಿದ್ದರೆ ಎಲುಬು ಮುರಿದಿರುವುದು ಬಹಳ ಅಪರೂಪ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ, ಕುಡಿದು ಬಿದ್ದವರಿಗೆ ಈ ಲೆಕ್ಕ ನಂಬುವಂತಿಲ್ಲ, ಅವರಿಗೆ ನೋವೇ ತಿಳಿಯೋದಿಲ್ಲ. ಮಕ್ಕಳನ್ನೂ ಡಾಕ್ಟರಿಗೇ ತೋರಿಸಿ.

ನಮ್ಮ ಕಡೆ ಎಲುಬು ಮುರಿದರೆ ಆಂಧ್ರದ ಪುತ್ತೂರಿಗೆ ಹೋಗುವ ರೂಢಿ ಹಳೇದು. ‘ಪುತ್ತೂರು ಕಟ್ಟು’ ಅಂದರೆ ಗೊತ್ತಿಲ್ಲದವರಿಲ್ಲ. ಆ ವಿದ್ಯೆ ಬಗ್ಗೆ ನಾನು ಇಲ್ಲಿ ಬರೆಯಲು ಹೊರಟಿಲ್ಲ. ಆದರೆ ಬರೀ ಉಳುಕಿಗೆ ಬಿದಿರು ದಬ್ಬೆ ಇಟ್ಟು ಮೂರು ವಾರ ಬಿಗಿದು ಕಟ್ಟಿಸಿಕೊಳ್ಳುವವರೂ ಇದ್ದಾರೆ. ಕಟ್ಟು ಬಿಚ್ಚಿದಾಗ ನೋವು ಇರೋದಿಲ್ಲ, ಕಾಲೂ ಮಣಿಯೋದಿಲ್ಲ. ಯಾರೇ ಕಟ್ಟಲಿ, ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಆ ಕ್ಷಣ ಬಿಚ್ಚಿಸಬೇಕು.

ಮೊದಲ ಮೂರು ದಿನ

ಉಳುಕು ತೆಗೆಯುವವರ ಹತ್ತಿರ ಹೋಗಿ ಎಣ್ಣೆ ಹಾಕಿ ಜೋರಾಗಿ ನೀವಿಸಿಕೊಳ್ಳುವುದು ಎಲ್ಲಾ ಊರಲ್ಲೂ ಉಂಟು. ನಿಧಾನಕ್ಕೆ ಸವರಿದರೆ ಹಿತ, ನನ್ನದೇನೂ ತಕರಾರಿಲ್ಲ. ಆದರೆ ಮೊದಲ ಎರಡು ಮೂರು ದಿನ ಒಳಗೆ ಹರಿದ ನಾರಿನಿಂದ ರಕ್ತ ಜಿನುಗುತ್ತಾ ಇರ್ತದೆ. ಆವಾಗ ಜೋರಾಗಿ ತಿಕ್ಕಿದರೆ, ತಿರುಚಿ ‘ಟಕ್’ ಅನ್ನಿಸಿದರೆ, ಬಿಸಿ ಕೊಟ್ಟರೆ ಜಿನುಗುವುದು ಹೆಚ್ಚಿ ಊತ ಏರುತ್ತದೆ. ಅರಿಶಿನ ಸುಣ್ಣದ ಪಟ್ಟು, ಹುಣಸೆಹಣ್ಣು ಉಪ್ಪಿನ ಪಟ್ಟು ಹಾಕುವವರು ಹಾಕಲಿ, ಚರ್ಮ ಗಾಯವಾಗಿರಬಾರದು ಅಷ್ಟೇ. ಕಾಲು ಅಲುಗಿಸದೆ ಮೇಲೆ ಇಟ್ಟುಕೊಂಡಿರುತ್ತಾರಲ್ಲ, ಅರ್ಧ ಗುಣ ಅದರದ್ದು ಅಂತ ನನ್ನ ಅಂದಾಜು.

ಮಾಡಬೇಕಾದ್ದು ಇಷ್ಟು. ಮಲಗುವಾಗ ಕಾಲಿನ ಕೆಳಗೆ ಎರಡು ದಿಂಬು ಇಟ್ಟು ಎದೆಗಿಂತ ಎತ್ತರ ಇಡಬೇಕು. ಬೆರಳ ಬುಡದಿಂದ ಹರಡಿನ ಮೇಲಿನವರೆಗೆ ಕ್ರೇಪ್ ಬ್ಯಾಂಡೇಜು ಸುತ್ತಬೇಕು, ಬಿಗಿ ಅಲ್ಲ, ಹದವಾಗಿ. ರಾತ್ರಿ ಬಿಚ್ಚಬೇಕು. ತಣ್ಣನೆ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಮಂಜುಗಡ್ಡೆ ಬಗ್ಗೆ ಡಾಕ್ಟರುಗಳಲ್ಲೇ ಅಭಿಪ್ರಾಯ ಬದಲಾಗಿದೆ. ‘ವಿಶ್ರಾಂತಿ, ಮಂಜುಗಡ್ಡೆ, ಬಿಗಿಕಟ್ಟು, ಎತ್ತರ’ ಎಂಬ ಸೂತ್ರವನ್ನು 1978ರಲ್ಲಿ ಬರೆದ ಅಮೆರಿಕದ ಮಿರ್ಕಿನ್ ಎಂಬ ಡಾಕ್ಟರೇ 2014ರಲ್ಲಿ, ಮಂಜುಗಡ್ಡೆ ಮತ್ತು ಪೂರಾ ವಿಶ್ರಾಂತಿ ವಾಸಿಯಾಗುವುದನ್ನು ತಡ ಮಾಡಬಹುದು ಅಂದರು. ಆದ್ದರಿಂದ ಊರಲ್ಲಿ ಮಂಜುಗಡ್ಡೆ ಸಿಗಲಿಲ್ಲ ಅಂತ ಪೇಚಾಡಬೇಕಿಲ್ಲ.

ಒಂದು ಮಾತ್ರ ಹೇಳಲೇಬೇಕು. ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಅವತ್ತೇ ಕಳೆ ತೆಗೆಯೋಕೆ ಹೋಗುವ ಹೆಣ್ಣಾಳುಗಳನ್ನು ನೋಡಿದ್ದೀನಿ. ನೋವು ಮುಚ್ಚಿದರೆ ಕಾಲಿನ ಕೂಗು ಕೇಳಿಸೋದಿಲ್ಲ, ಅಷ್ಟೇ. ನಮ್ಮ ಗಂಡಸರ ಕಾಲು ಉಳುಕಿದರೆ ಮಂಚ, ಹೆಂಗಸರ ಕಾಲು ಉಳುಕಿದರೆ ನೀರಿನ ಕೊಡ, ಒಲೆ, ಕೊಟ್ಟಿಗೆ. ಮನೆಯಲ್ಲಿ ಒಂದು ವಾರ ನೀರು ಹೊರುವ ಕೆಲಸ ಇನ್ನೊಬ್ಬರು ಮಾಡಿದರೆ ಅದೇ ಅರ್ಧ ಔಷಧಿ.

ಎತ್ತು ಕುಂಟಿದಾಗ ನಾವು ನೊಗಕ್ಕೆ ಹೂಡೋದಿಲ್ಲ. ಹಾಗಂತ ವಾರಗಟ್ಟಲೆ ಗೂಟಕ್ಕೆ ಕಟ್ಟಿ ಮಲಗಿಸೋದೂ ಇಲ್ಲ, ಮೇಯೋಕೆ ಬಿಡ್ತೀವಿ, ಅದು ತನ್ನ ಹದಕ್ಕೆ ನಡೆದುಕೊಳ್ಳುತ್ತದೆ. ಮನುಷ್ಯನ ಕಾಲಿಗೂ ಅದೇ. ಮೂರನೇ ದಿನದಿಂದ, ನೋವು ಸಹಿಸುವಷ್ಟು, ಕೋಲು ಹಿಡಿದು ಮನೆಯೊಳಗೆ ನಡೆಯಬಹುದು. ಕೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು. ನಮ್ಮವರು ಸಾಮಾನ್ಯವಾಗಿ ನೋವಿರುವ ಕಡೆಯೇ ಹಿಡಿಯೋದು.

ಗಾಳಿಯಲ್ಲಿ ಅಕ್ಷರ, ಸೈಕಲ್ ಟ್ಯೂಬು

ಕುರ್ಚಿ ಮೇಲೆ ಕೂತು ಕಾಲು ನೀಡಿ, ಹೆಬ್ಬೆರಳನ್ನೇ ಬಳಪ ಅಂದುಕೊಂಡು ಗಾಳಿಯಲ್ಲಿ ಅ ಆ ಇ ಈ ಬರೆಯಬೇಕು. ಮೊಣಕಾಲು ಅಲುಗಬಾರದು, ಹರಡು ಮಾತ್ರ ತಿರುಗಬೇಕು. ಇಂಗ್ಲಿಷಿನವರು ತಮ್ಮ 26 ಅಕ್ಷರ ಬರೆಸ್ತಾರಂತೆ. ನಮ್ಮ ಅಕ್ಷರ ದುಂಡಗಿರೋದರಿಂದ ಹರಡಿಗೆ ಇನ್ನೂ ಒಳ್ಳೇದು ಅಂತ ನನ್ನ ಅನಿಸಿಕೆ. ‘ಋ’ ಬರೆದು ನೋಡಿ, ಎಲ್ಲಾ ದಿಕ್ಕೂ ಆಯಿತು. ಏಳನೇ ಕ್ಲಾಸಿಗೆ ಬಿಟ್ಟ ಅಕ್ಷರಾಭ್ಯಾಸವನ್ನು ನಾನು ಕಾಲಿನಿಂದ ಮುಂದುವರಿಸಿದೆ ಅಂತ ಮನೆಯಲ್ಲಿ ನಕ್ಕರು. ದಿನಕ್ಕೆ ಮೂರು ಸಲ.

ಒಂದು ವಾರದ ಹೊತ್ತಿಗೆ ಊತ ಇಳಿಯುತ್ತಾ ಬಂದರೆ ಶಕ್ತಿಯ ಅಭ್ಯಾಸ. ಹಳೇ ಸೈಕಲ್ ಟ್ಯೂಬನ್ನು ಸೀಳಿ ಪಟ್ಟಿ ಮಾಡಿ, ಒಂದು ತುದಿ ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿ ಪಾದದ ಮುಂಭಾಗಕ್ಕೆ ಸಿಕ್ಕಿಸಿ. ಪಾದವನ್ನು ಹೊರಕ್ಕೆ ಎಳೆಯಬೇಕು, ನಿಧಾನಕ್ಕೆ ಬಿಡಬೇಕು. ಹೊರಕ್ಕೆ ಎಳೆಯೋದೇ ಮುಖ್ಯ, ಯಾಕಂದರೆ ಪಾದ ಒಳಕ್ಕೆ ಮಗುಚದಂತೆ ತಡೆಯುವ ಸ್ನಾಯು ಅದೇ. 10 ರಿಂದ 15 ಸಲ, ಮೂರು ಸುತ್ತು. ಆಸ್ಪತ್ರೆಗಳಲ್ಲಿ ಬಣ್ಣದ ರಬ್ಬರ್ ಪಟ್ಟಿ ಕೊಡ್ತಾರೆ, ಕೆಲಸ ಎರಡೂ ಒಂದೇ.

ಗೋಡೆ ಹಿಡಿದು ಎರಡೂ ಕಾಲಿನ ತುದಿಗಾಲಲ್ಲಿ ಏಳೋದು, ನಿಧಾನಕ್ಕೆ ಇಳಿಯೋದು. ಕೆಲವು ವಾರದ ಮೇಲೆ ಒಂದೇ ಕಾಲಲ್ಲಿ. ಇನ್ನೊಂದು: ಗೋಡೆಗೆ ಎದುರು ನಿಂತು ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸೋದು. ಎರಡೂ ಕಾಲಲ್ಲಿ ಅಳತೆ ಮಾಡಿದರೆ ಎಷ್ಟು ಮಣಿಯುತ್ತದೆ ಗೊತ್ತಾಗುತ್ತದೆ. ನನ್ನ ಎಡಗಾಲು ಬಲಗಾಲಿಗಿಂತ ಮೂರು ಬೆರಳು ಹಿಂದಿತ್ತು. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯೋರು, ಕಳೆ ತೆಗೆಯೋರು ಇದನ್ನು ಬಿಡುವಂತೆಯೇ ಇಲ್ಲ. ಹರಡು ಪೂರ್ತಿ ಮಣಿಯದೆ ಹಿಮ್ಮಡಿ ಎತ್ತಿ ಕೂರುವವನು ಆ ಕಡೆ ವಾಲಿಯೇ ವಾಲುತ್ತಾನೆ.

ಒಂಟಿಕಾಲಿನ ಪಾಠ

ಇನ್ನು ಮುಖ್ಯವಾದದ್ದಕ್ಕೆ ಬರೋಣ. ನೋವಿಲ್ಲದೆ ನಿಲ್ಲಲು ಆದ ದಿನದಿಂದಲೇ ಇದನ್ನು ಶುರು ಮಾಡಬಹುದು. ಗೋಡೆಯ ಪಕ್ಕ, ಬರಿಗಾಲಲ್ಲಿ, ಉಳುಕಿದ ಕಾಲೊಂದರ ಮೇಲೆ ನಿಲ್ಲಿ. ಮೊಣಕಾಲು ಒಂದಿಷ್ಟು ಬಗ್ಗಿರಲಿ. ಎದುರಿಗೆ ಒಂದು ಗುರುತು ನೋಡಿ. ಕೈ ಗೋಡೆಗೆ ತಾಗುವ ಹಾಗೆ ಇರಲಿ, ಆದರೆ ಒರಗಬೇಡಿ. ಅಂಗಾಲಿನ ಕೆಳಗೆ ಏನು ನಡೀತಾ ಇದೆ ಗಮನಿಸಿ: ಬೆರಳುಗಳು ನೆಲ ಹಿಡೀತವೆ, ಹರಡಿನ ಪಕ್ಕದ ನರಗಳು ತಂತಿ ಹಾಗೆ ಕುಣೀತವೆ. ಆ ಕುಣಿತವೇ ಕಲಿಕೆ. ಬಿದ್ದು ಹೋಗುವ ಹಾಗಾಗಿ ಮತ್ತೆ ಸರಿಯಾಗುವುದೇ ಬೇಕಾದ್ದು, ಕಂಬದ ಹಾಗೆ ನಿಂತರೆ ಕಾಲು ಏನೂ ಕಲಿಯೋದಿಲ್ಲ.

ನಾನು ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟ ಲೆಕ್ಕ ಹೇಳ್ತೀನಿ. ಉಳುಕಿದ ಹನ್ನೊಂದನೇ ದಿನ, ನೋವು ಹೆಚ್ಚುಕಡಿಮೆ ಇಲ್ಲ. ಬಲಗಾಲಲ್ಲಿ 34 ಸೆಕೆಂಡು ನಿಂತೆ, ಎಡಗಾಲಲ್ಲಿ 5 ಸೆಕೆಂಡು. ಆ ದಿನ ಹಳೇ ರೂಢಿಯ ಪ್ರಕಾರ ನಾನು ಪೂರಾ ವಾಸಿಯಾದವನು, ಹೊರೆ ಹೊರಬಹುದಾದವನು! ಮೂರನೇ ವಾರದ ಕೊನೆಗೆ ಎಡಗಾಲು 14 ಸೆಕೆಂಡು, ಆರನೇ ವಾರಕ್ಕೆ 30. ಹೀಗೆ ಎರಡು ಕಾಲಿನ ಅಂತರ ಬರೆದಿಟ್ಟರೆ ಯಾವ ಯಂತ್ರವೂ ಬೇಡ.

ಕಣ್ಣು ಬಿಟ್ಟು 30 ಸೆಕೆಂಡು ಮೂರು ಸಲ ನಿಲ್ಲಲು ಬಂದ ಮೇಲೆ ಕಷ್ಟ ಏರಿಸಬೇಕು. ಕಣ್ಣು ಮುಚ್ಚಿ ನಿಲ್ಲಿ. ಅಬ್ಬಾ, ಆಗ ಗೊತ್ತಾಗುತ್ತದೆ, ಇಷ್ಟು ದಿನ ಕಣ್ಣೇ ಕಾಲಿನ ಕೆಲಸ ಮಾಡ್ತಿತ್ತು ಅಂತ. ನನ್ನ ವಯಸ್ಸಿನವರು ಕಣ್ಣು ಮುಚ್ಚಿ ಏಳೆಂಟು ಸೆಕೆಂಡು ನಿಂತರೆ ಸಾಕು. ಗೋಡೆ ಮೂಲೆಯಲ್ಲೇ ನಿಲ್ಲಬೇಕು, ಪಕ್ಕದಲ್ಲಿ ಯಾರಾದರೂ ಇರಬೇಕು. ಆಮೇಲೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ನಿಲ್ಲೋದು. ಆಮೇಲೆ ಒಂಟಿಕಾಲಲ್ಲಿ ನಿಂತೇ ಮೊಮ್ಮಗನ ಜೊತೆ ಚೆಂಡು ಎಸೆದು ಹಿಡಿಯೋದು. ಮನಸ್ಸು ಚೆಂಡಿನ ಮೇಲಿದ್ದಾಗ ಕಾಲು ತಾನಾಗಿ ಕೆಲಸ ಮಾಡಬೇಕು, ಹೊಲದಲ್ಲಿ ಬೇಕಾಗುವುದು ಅದೇ ತಾನೆ.

ನೆಲದ ಮೇಲೆ ಬೂದಿಯಲ್ಲಿ ಒಂದು ಕೂಡು ಗುರುತು, ಅದರ ಮೇಲೆ ಒಂದು ಗುಣಿಸು ಗುರುತು ಹಾಕಿ, ಎಂಟು ದಿಕ್ಕು ಆಯಿತು. ನಡುವೆ ಉಳುಕಿದ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಬೆರಳಿನಿಂದ ಒಂದೊಂದು ಗೆರೆಯನ್ನೂ ಎಷ್ಟು ದೂರ ಆಗುತ್ತದೋ ಅಷ್ಟು ದೂರ ತಾಗಿಸಿ ವಾಪಸು ಬರಬೇಕು. ತಾಗಿದ ಕಡೆ ಒಂದೊಂದು ಕಡಲೆಕಾಯಿ ಇಟ್ಟರೆ ವಾರದಿಂದ ವಾರಕ್ಕೆ ಎಷ್ಟು ಮುಂದೆ ಹೋಯಿತು ಕಾಣುತ್ತದೆ.

ಅಲುಗಾಡುವ ಹಲಗೆಯನ್ನು ಊರಿನ ಬಡಗಿ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟ. ಒಂದೂಕಾಲು ಅಡಿ ಚೌಕದ, ಮುಕ್ಕಾಲು ಇಂಚು ದಪ್ಪದ ಹಲಗೆ. ಅದರ ಕೆಳಗೆ ನಡುವಿನಲ್ಲಿ ಉದ್ದಕ್ಕೂ ಎರಡು ಇಂಚು ಎತ್ತರದ, ಅರ್ಧ ದುಂಡಗಿನ ಮರದ ತುಂಡು, ದುಂಡಗಿನ ಭಾಗ ಕೆಳಕ್ಕೆ. ಮೊಳೆ ಬೇಡ, ಸ್ಕ್ರೂ ಹಾಕಿಸಿ, ತಲೆ ಮೇಲೆ ಬರದ ಹಾಗೆ ನೋಡಿಕೊಳ್ಳಿ. ಇದು ಎರಡು ಕಡೆ ಮಾತ್ರ ತೂಗುತ್ತದೆ. ಮೊದಲು ಎರಡೂ ಕಾಲಿಟ್ಟು ಅಂಚು ನೆಲಕ್ಕೆ ತಾಗದ ಹಾಗೆ ನಿಲ್ಲುವುದು ಕಲಿತು, ಆಮೇಲೆ ಒಂಟಿಕಾಲು. ಮಣ್ಣಿನ ನೆಲದ ಮೇಲೆ ಇಡಿ. ಟೈಲ್ಸ್ ಮೇಲೆ ಇಟ್ಟರೆ ಹಲಗೆ ಜಾರಿ ಇನ್ನೊಂದು ಉಳುಕು ಆಗುತ್ತದೆ.

ಇದರಿಂದ ಪ್ರಯೋಜನ ಉಂಟೇ?

ಹಾಲೆಂಡಿನಲ್ಲಿ ಮಾಡಿದ ಒಂದು ಪರೀಕ್ಷೆಯ ಫಲ 2009ರಲ್ಲಿ ಪ್ರಕಟವಾಯಿತು. ಆಗಷ್ಟೇ ಕಾಲು ಉಳುಕಿದ್ದ 522 ಆಟಗಾರರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಮಾಮೂಲಿ ಚಿಕಿತ್ಸೆ. ಒಂದು ಗುಂಪಿಗೆ ಹೆಚ್ಚಿಗೆ, ಎಂಟು ವಾರ, ವಾರಕ್ಕೆ ಮೂರು ಸಲ, ಒಂದು ಸಲಕ್ಕೆ ಹೆಚ್ಚೆಂದರೆ ಅರ್ಧ ಗಂಟೆ ಸಮತೋಲದ ಅಭ್ಯಾಸ. ಯಾರೂ ಮೇಲೆ ನಿಂತು ನೋಡದೆ ಮನೆಯಲ್ಲೇ. ಒಂದು ವರ್ಷದೊಳಗೆ ಮತ್ತೆ ಉಳುಕಿದ್ದು ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ 22 ಜನಕ್ಕೆ, ಮಾಡದವರಲ್ಲಿ ನೂರಕ್ಕೆ 33 ಜನಕ್ಕೆ. ಉಳುಕೇ ಬರೋದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮೂರರಲ್ಲಿ ಒಂದು ಉಳುಕು ತಪ್ಪಿತು ಅಂದರೆ, ಮೂರರಲ್ಲಿ ಒಂದು ಬಿತ್ತನೆ ಉಳಿಯಿತು ಅಂತ ನಾನು ಲೆಕ್ಕ ಹಾಕ್ತೀನಿ. ಅವರು ಆಟಗಾರರು, ನಾವು ರೈತರು ನಿಜ. ಆದರೆ ಆಟದ ಮೈದಾನ ಸಮನಾಗಿರ್ತದೆ, ನಮ್ಮ ಹೊಲವೇ ಹೆಚ್ಚು ಕಷ್ಟದ ಮೈದಾನ.

ಕ್ರಿಕೆಟ್ ನೋಡುವವರಿಗೆ 2023ರ ವಿಶ್ವಕಪ್ಪು ನೆನಪಿರಬೇಕು. ಅಕ್ಟೋಬರ್ 19ರಂದು ಪುಣೆಯಲ್ಲಿ ಬೌಲಿಂಗ್ ಮಾಡುತ್ತಾ ಬಂದ ಚೆಂಡನ್ನು ಕಾಲಿನಿಂದ ತಡೆಯಲು ಹೋದ ಹಾರ್ದಿಕ್ ಪಾಂಡ್ಯರ ಎಡಗಾಲಿನ ಹರಡು ಹೊರಳಿತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಕರೆತಂದು ಚಿಕಿತ್ಸೆ ಕೊಟ್ಟರು. ನವೆಂಬರ್ 4ಕ್ಕೆ, ಈ ವಿಶ್ವಕಪ್ಪು ಆಡಲಾಗೋದಿಲ್ಲ ಅಂತ ತೀರ್ಮಾನವಾಗಿ ಅವರ ಜಾಗಕ್ಕೆ ಕರ್ನಾಟಕದ ಪ್ರಸಿದ್ಧ ಕೃಷ್ಣ ಬಂದರು. ಪಾಂಡ್ಯ ಮತ್ತೆ ದೊಡ್ಡ ಪಂದ್ಯ ಆಡಿದ್ದು 2024ರ ಮಾರ್ಚಿನ ಐಪಿಎಲ್‌ನಲ್ಲಿ. ಡಾಕ್ಟರು, ಫಿಜಿಯೋಥೆರಪಿಯವರು ಬೆನ್ನ ಹಿಂದೆಯೇ ಇರುವ, ಇಪ್ಪತ್ತೊಂಬತ್ತು ಮೂವತ್ತರ ಆಳಿಗೆ ಅಷ್ಟು ತಿಂಗಳು. ನಾವು ಐದನೇ ದಿನಕ್ಕೆ ನಲವತ್ತೈದು ಕೆಜಿ ಯೂರಿಯಾ ಚೀಲ ಎತ್ತುತ್ತೀವಿ.

ಹೊಲಕ್ಕೆ ವಾಪಸು

ಮೊದಲು ಸಮನಾದ ದಾರಿಯಲ್ಲಿ ನಡಿಗೆ. ಆಮೇಲೆ ಅಂಗಳದಲ್ಲಿ ಗೆರೆ ಎಳೆದು ಹಿಮ್ಮಡಿಗೆ ಬೆರಳು ಮುಟ್ಟಿಸಿ ಹೆಜ್ಜೆ ಹಾಕೋದು. ಆಮೇಲೆ ಉತ್ತ ಹೊಲದಲ್ಲಿ ಸಾಲಿನ ಉದ್ದಕ್ಕೆ, ಅದಾದ ಮೇಲೆ ಸಾಲಿಗೆ ಅಡ್ಡ, ಕೊನೆಗೆ ಬದುವಿನ ಮೇಲೆ. ಎಲ್ಲವೂ ಬರಿಗೈಲಿ. ಹೊರೆ ಕೊನೆಗೆ. ತಲೆ ಮೇಲೆ ಹೊರೆ ಇದ್ದಾಗ ಕಾಲು ಎಲ್ಲಿ ಇಡ್ತಾ ಇದ್ದೀವಿ ಕಾಣೋದಿಲ್ಲ, ವಾಲಿದರೆ ತೂಕವೂ ಸೇರಿ ಮಗುಚುತ್ತದೆ. ನಾನು ಹಾಕಿಕೊಂಡ ಲೆಕ್ಕ: ಎರಡೂ ಕಾಲಲ್ಲಿ ಒಂಟಿಕಾಲಿನ ಸೆಕೆಂಡು ಹತ್ತಿರ ಹತ್ತಿರ ಬರಬೇಕು, ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ಕೂರಲು ಬರಬೇಕು, ಉಳುಕಿದ ಕಾಲಿನ ತುದಿಗಾಲಲ್ಲಿ ಹತ್ತು ಸಲ ಏಳಲು ಬರಬೇಕು. ಅದಾದ ಮೇಲೇ ಹೊರೆ. ನನಗೆ ಏಳನೇ ವಾರ ಆಯಿತು. ಕಣದ ಕೆಲಸ ಮಗ ನೋಡಿಕೊಂಡ.

ಹುಡುಗರಿಗೆ ಕೊನೆ ಹಂತಕ್ಕೆ ಕುಂಟಾಬಿಲ್ಲೆಗಿಂತ ಒಳ್ಳೇದಿಲ್ಲ. ಒಂಟಿಕಾಲಲ್ಲಿ ಕುಪ್ಪಳಿಸಿ, ಗೆರೆ ಮುಟ್ಟದೆ, ಬಗ್ಗಿ ಬಿಲ್ಲೆ ಎತ್ತಿಕೊಂಡು ತಿರುಗಿ ಬರೋದು. ಫಿಜಿಯೋಥೆರಪಿಯವರು ಆಟಗಾರರಿಗೆ ಮಾಡಿಸುವ ಕುಪ್ಪಳಿಕೆಗಳೆಲ್ಲಾ ಅದರಲ್ಲೇ ಇವೆ. ಐವತ್ತು ದಾಟಿದವರು ಕುಪ್ಪಳಿಸಲು ಹೋಗಬೇಡಿ.

ಕಾಲಿಗೆ ಹಾಕುವುದರ ಬಗ್ಗೆ. ಹವಾಯಿ ಚಪ್ಪಲಿಯಲ್ಲಿ ಬದು ಹತ್ತಬೇಡಿ, ಒಳಗೆ ಪಾದ ಜಾರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಅಥವಾ ಕ್ಯಾನ್ವಾಸ್ ಬೂಟು ಆಗಬಹುದು. ಮೆಡಿಕಲ್ ಸ್ಟೋರಿನಲ್ಲಿ ಹರಡಿಗೆ ಹಾಕುವ, ಲೇಸು ಕಟ್ಟುವ ಪಟ್ಟಿ ಸಿಗುತ್ತದೆ. ಮತ್ತೆ ಹೊಲಕ್ಕೆ ಇಳಿಯುವ ಮೊದಲ ತಿಂಗಳುಗಳಲ್ಲಿ ಭಾರದ ಕೆಲಸಕ್ಕೆ ಹಾಕಿಕೊಂಡರೆ ಮರು ಉಳುಕು ಕಡಿಮೆ ಎಂಬುದು ಪರೀಕ್ಷೆಗಳಲ್ಲೂ ಕಂಡಿದೆ. ಆದರೆ ಪಟ್ಟಿ ಹಾಕಿದೆ ಅಂತ ಅಭ್ಯಾಸ ಬಿಡೋದಲ್ಲ.

ಪಕ್ಕದ ಹೊಲದವರಿಗೂ ಹಲಗೆ ಕೊಟ್ಟೆ. ಆರು ವರ್ಷದ ಹಳೇ ಉಳುಕು, ಇನ್ನೇನು ಪ್ರಯೋಜನ ಅಂತ ಅವರು. ಮೊದಲ ದಿನ ಬಲಗಾಲಲ್ಲಿ ಮೂರು ಸೆಕೆಂಡು ನಿಂತರು. ಎರಡು ತಿಂಗಳಿಗೆ 20 ಸೆಕೆಂಡು. ಈ ಸಲದ ಬಿತ್ತನೆಯಲ್ಲಿ ಕಾಲು ಕೈಕೊಡಲಿಲ್ಲ. ಒಂದು ವರ್ಷದ್ದನ್ನು ನೋಡಿ ಏನೂ ಹೇಳುವ ಹಾಗಿಲ್ಲ, ಆದರೆ ಬದುವಿನ ಮೇಲೆ ಅವರು ಮೊದಲಿನ ಹಾಗೆ ತಲೆ ತಗ್ಗಿಸಿ ಹೆಜ್ಜೆ ಎಣಿಸುತ್ತಾ ನಡೆಯೋದಿಲ್ಲ. ನನ್ನ ತಮ್ಮನ ಹೆಂಡತಿಗೆ ಬೇರೆ ಹೊತ್ತು ಸಿಗದೆ, ಒಲೆ ಮುಂದೆ ಮುದ್ದೆಗೆ ಎಸರು ಕಾಯುವಷ್ಟು ಹೊತ್ತು ಒಂಟಿಕಾಲಲ್ಲಿ ನಿಂತು ಮಾಡಿದಳು. ಅವಳದ್ದೇ ಬೇಗ ಸರಿಹೋಯಿತು.

ಡಾಕ್ಟರ ಹತ್ತಿರ ಮತ್ತೆ ಹೋಗಬೇಕಾದ ಸಂದರ್ಭಗಳಿವೆ. ಒಂದು ವಾರವಾದರೂ ಕಾಲೂರಲು ಆಗದಿದ್ದರೆ. ಹರಡಿನ ಮೇಲ್ಭಾಗದಲ್ಲಿ, ಎರಡು ಎಲುಬಿನ ನಡುವೆ ನೋವಿದ್ದರೆ. ಅದು ಬೇರೆ ಜಾತಿಯ ಉಳುಕು, ಹೆಚ್ಚು ದಿನ ಹಿಡಿಯುತ್ತದೆ. ಹರಡು ತಿರುಗಿಸುವಾಗ ಒಳಗೆ ಸಿಕ್ಕಿಕೊಂಡ ಹಾಗಾದರೆ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ಹೋಗಬೇಕು, ರಕ್ತ ಹೆಪ್ಪುಗಟ್ಟಿರಬಹುದು. ಸಕ್ಕರೆ ಕಾಯಿಲೆಯವರು ಕಾಲಿಗೆ ಬಿಸಿ ಶಾಖ ಕೊಡಲೇಬೇಡಿ, ಸುಟ್ಟದ್ದು ತಿಳಿಯೋದಿಲ್ಲ. ಅವರು ಬರಿಗಾಲಿನ ಅಭ್ಯಾಸ ಮಾಡುವ ಮುಂಚೆ ನೆಲದಲ್ಲಿ ಮುಳ್ಳು ಕಲ್ಲು ನೋಡಿ, ಮುಗಿದ ಮೇಲೆ ಅಂಗಾಲು ನೋಡಿಕೊಳ್ಳಬೇಕು. ಮೂರು ತಿಂಗಳು ಅಭ್ಯಾಸ ಮಾಡಿದ ಮೇಲೂ ಸಮನೆಲದಲ್ಲಿ ಕಾಲು ಕೈಕೊಡುತ್ತಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಜಿಲ್ಲಾ ಆಸ್ಪತ್ರೆಗೆ ಹೋದಾಗ ಮಾತ್ರೆ ಚೀಟಿ ಬರೆಸಿಕೊಂಡು ಬಂದುಬಿಡಬೇಡಿ, ಫಿಜಿಯೋಥೆರಪಿ ವಿಭಾಗ ಎಲ್ಲಿದೆ ಅಂತ ಕೇಳಿ, ಅಭ್ಯಾಸಗಳನ್ನು ಕಣ್ಣಾರೆ ನೋಡಿ ಕಲಿತು ಬನ್ನಿ. ಹೋಗುವಾಗ ಎರಡೂ ಕಾಲಿನ ಸೆಕೆಂಡಿನ ಲೆಕ್ಕ ಬರೆದುಕೊಂಡು ಹೋದರೆ ಅವರಿಗೂ ಅನುಕೂಲ.